ನೀಲತ್ತಿಯ ಮೌನದ ಮನೆ

ನನ್ನ ಬಾಯಿ ಮುಚ್ಚಿಸಿದವರು ಈ ಜನ್ಮದಲ್ಲಿ ಒಬ್ಬರೇ. ನನ್ನ ಗಂಡನಿಂದ ಅದು ಆಗಲಿಲ್ಲ, ಮೂವತ್ತು ವರ್ಷದ ನೌಕರಿಯಲ್ಲಿ ಬಂದುಹೋದ ಹೆಡ್‌ಮಾಸ್ತರರಿಂದಲೂ ಆಗಲಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿದ್ದ ಅಪ್ಪನ ಅಕ್ಕ, ನಮ್ಮ ನೀಲತ್ತಿ, ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಬೇಸಿಗೆಯ ಮಟ್ಟಿಗೆ ಆ ಕೆಲಸ ಮಾಡಿದಳು. ಹೊಡೆಯಲಿಲ್ಲ, ಬೈಯಲಿಲ್ಲ. ಆಗ ಅವಳ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಹಿತ್ತಲಿನ ಪಪ್ಪಾಯಿ ಗಿಡದ ಮುಂದೆ ನಿಂತು ದಿನಾ ಅವಳ ಮೇಲೆ ಚಾಡಿ ಹೇಳುತ್ತಿದ್ದೆ, ಅದೂ ಬರೀ ತುಟಿ ಅಲ್ಲಾಡಿಸಿ. ಈಗ ನನಗೆ ಎಂಬತ್ತು ದಾಟಿದೆ. ಹಲ್ಲು ಹೋಗಿವೆ, ಮೊಣಕಾಲು ಹೋಗಿವೆ, ಧ್ವನಿ ಮಾತ್ರ ಗಟ್ಟಿಯಾಗಿದೆ; ಬೇಕಾದರೆ ನೆರೆಮನೆಯವರನ್ನು ಕೇಳಿ ನೋಡಿ. ಅದರ ಪುಣ್ಯವೆಲ್ಲ ಆ ಬೇಸಿಗೆಗೆ ಸೇರಬೇಕು.

ನಮ್ಮೂರು ಶಿರಹಟ್ಟಿ. ಸಾಂಗಲಿ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಕೆಲವು ವರ್ಷವಾಗಿತ್ತು. ಕರ್ನಾಟಕವೆಲ್ಲ ಒಂದಾಗಬೇಕು ಅನ್ನುವ ಮಾತು ಕಟ್ಟೆಕಟ್ಟೆಯ ಮೇಲೂ ನಡೆದಿತ್ತು. ಅಪ್ಪ ಗಂಡುಮಕ್ಕಳ ಸಾಲೆಯ ಮಾಸ್ತರ. ಒಂದೇ ಉದ್ದ ಕೋಣೆ, ಅದರಲ್ಲಿ ಮೂರು ಇಯತ್ತೆಯ, ಅಂದರೆ ಮೂರು ತರಗತಿಯ, ಹುಡುಗರು ಒಟ್ಟಿಗೆ. ಚನ್ನಪ್ಪ ಮಾಸ್ತರರ ಧ್ವನಿ ಪೇಟೆಯವರೆಗೂ ಕೇಳುತ್ತದೆ ಎಂದು ಊರವರು ಹೊಗಳುತ್ತಿದ್ದರು, ಅವನೂ ಉಬ್ಬುತ್ತಿದ್ದ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಆ ಧ್ವನಿ ಒಡೆಯಿತು. ನೆಗಡಿ ಇರಬೇಕು ಅಂದುಕೊಂಡೆವು. ಶುಂಠಿ ಕಷಾಯ, ಜ್ಯೇಷ್ಠಮಧು, ಕಲ್ಲುಸಕ್ಕರೆ ಎಲ್ಲ ಆಯಿತು. ಯುಗಾದಿ ಬರುವಷ್ಟರಲ್ಲಿ ಮಾತಿನ ಬದಲು ಬರೀ ಗಾಳಿ ಬರತೊಡಗಿತು. ಗದಗಿನ ದವಾಖಾನೆಯ ಡಾಕ್ಟರರು ಗಂಟಲಲ್ಲಿ ಪುಟ್ಟ ಕನ್ನಡಿ ಇಟ್ಟು ನೋಡಿ, ಗಂಟಿಲ್ಲ ಗಡ್ಡೆಯಿಲ್ಲ, ಮಾತಾಡದೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಳಿಸಿದ್ದರು. ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯರೇ. ಆದರೂ ಜೂನಿನಲ್ಲಿ ಸಾಲೆ ಶುರುವಾಗುವುದರೊಳಗೆ ಧ್ವನಿ ಬಾರದಿದ್ದರೆ ಬೇರೆ ಮಾಸ್ತರನನ್ನು ತರಿಸಬೇಕಾಗುತ್ತದೆ ಎಂದು ಮನೆಗೇ ಬಂದು ಹೇಳಿಹೋದರು. ಅವತ್ತು ಅಪ್ಪ ಊಟಕ್ಕೆ ಏಳಲಿಲ್ಲ.

ಅವ್ವ ನೀಲತ್ತಿಯ ಹೆಸರೆತ್ತಿದ್ದು ಆಗಲೇ. ನಮ್ಮ ಮನೆಯಲ್ಲಿ ಆ ಹೆಸರು ತೆಗೆಯುವಂತಿರಲಿಲ್ಲ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ನೀಲತ್ತಿ, ಹಾಡಿನ ಹುಚ್ಚಿಗೆ ನಾಟಕ ಕಂಪನಿ ಸೇರಿದ್ದಳು. ಅಪ್ಪ ಆಗಿನ್ನೂ ಹೊಸ ಮಾಸ್ತರ. ಊರವರಿಗೆ ಮುಖ ತೋರಿಸುವುದು ಹೇಗೆ ಎಂದು ಕುದ್ದು, "ನನಗ ಅಕ್ಕ ಇಲ್ಲ" ಎಂದುಬಿಟ್ಟಿದ್ದ. ಹನ್ನೆರಡು ವರ್ಷ ಅದೇ ಮಾತಿನ ಮೇಲೆ ನಿಂತಿದ್ದ. ಅವಳು ಕಂಪನಿ ಬಿಟ್ಟು ಬೆಟಗೇರಿಯಲ್ಲಿ ಮನೆ ಮಾಡಿದ್ದಾಳೆ, ಗಂಟಲು ಕೆಟ್ಟ ಹಾಡುಗಾರರು ಅವಳ ಬಳಿ ನಾಲ್ಕು ದಿನ ಇದ್ದು ಗುಣವಾಗಿ ಹೋಗುತ್ತಾರೆ ಎಂಬ ಸುದ್ದಿ ಹೇಗೋ ಅವ್ವನಿಗೆ ಮುಟ್ಟಿತ್ತು.

"ಅಕ್ಕಾರ ಕಡೆ ಹೋಗೂಣ್ರಿ," ಎಂದಳು ಅವ್ವ.

"ಆಕಿ ಮನಿ ನೀರೂ ಮುಟ್ಟಂಗಿಲ್ಲ ನಾ," ಎಂದು ಅಪ್ಪ ಪಿಸುಗುಟ್ಟಿದ.

"ಮುಟ್ಟಬ್ಯಾಡ್ರಿ. ನಿಮ್ಮ ರೊಟ್ಟಿ ನಾನ ಬಡೀತೀನಿ, ನಿಮ್ಮ ನೀರು ನಾನ ತರ್ತೀನಿ. ಜೂನ್ ಬಂತಂದ್ರ ಹುಡುಗ್ರಿಗೆ ಕೈಸನ್ನಿ ಮಾಡಿ ಪಾಠಾ ಹೇಳ್ತೀರೇನು?"

ಮರುದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಬೆಟಗೇರಿಯ ಬಸ್ಸು ಹತ್ತಿದ. ಬೇಡವೆಂದು ಜಗಳಾಡಲು ಅವನಿಗೆ ಧ್ವನಿಯಾದರೂ ಎಲ್ಲಿತ್ತು?

ಬೆಟಗೇರಿಯ ಆ ಓಣಿಗೆ ಕಾಲಿಟ್ಟರೆ ಮೊದಲು ಕೇಳುವುದು ಮಗ್ಗದ ಸದ್ದು. ಬೆಳಗಿನಿಂದ ಸಂಜೆಯತನಕ ಲಟಪಟ ಲಟಪಟ. ಅದರ ಮೇಲೆ ಮಾತಾಡಿ ರೂಢಿಯಾದ ಜನ, ಮಗ್ಗ ನಿಂತ ಮೇಲೂ ಕೂಗಿಯೇ ಮಾತಾಡುತ್ತಿದ್ದರು. ಧ್ವನಿ ನೆಟ್ಟಗೆ ಮಾಡುವವಳು ಇಂಥ ಗದ್ದಲದಲ್ಲಿ ಯಾಕೆ ಮನೆ ಹಿಡಿದಳೋ ಎಂದು ಕೇಳಿದವರಿಗೆ ಅವಳು, "ಗಿರಾಕಿ ಇದ್ದಲ್ಲೆ ಅಂಗಡಿ ಇಡಬೇಕವಾ" ಅನ್ನುತ್ತಿದ್ದಳು. ಮನೆಯೇನು ದೊಡ್ಡದಲ್ಲ: ಒಂದು ಪಡಸಾಲೆ, ಒಂದು ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಹಿಂದೆ ಹಿತ್ತಲು. ಮಣ್ಣಿನ ಗೋಡೆ ಮೊಳದಪ್ಪ ಇದ್ದುದರಿಂದ ನಡುಮನೆಗೆ ಹೊರಗಿನ ಸದ್ದು ಬರುತ್ತಿರಲಿಲ್ಲ. ಒಳಗೆ ಗಂಟಲಿನ ರೋಗಿ ಇದ್ದರೆ ಬಾಗಿಲ ಚೌಕಟ್ಟಿಗೆ ಒಂದು ಕೆಂಪು ಕುಪ್ಪಸದ ಖಣ ತೂಗುತ್ತಿತ್ತು. ಅದನ್ನು ಕಂಡರೆ ಕಾಯಿಪಲ್ಯ ಮಾರುವವಳು ಕೂಡ ಕೂಗದೆ, ಮೆಂತ್ಯದ ಕಟ್ಟು ಎತ್ತಿ ತೋರಿಸಿ ಹುಬ್ಬು ಹಾರಿಸುತ್ತಿದ್ದಳು. ಬರುವವರಲ್ಲಿ ಓಣಿಯ ನೇಕಾರರಲ್ಲದೆ ರಾಜನ ಪಾರ್ಟು ಮಾಡುವ ನಟರಿದ್ದರು, ಹತ್ತಿ ಪೇಟೆಯಲ್ಲಿ ಲಿಲಾವು, ಅಂದರೆ ಹರಾಜು, ಕೂಗುವವರಿದ್ದರು, ಏಕೀಕರಣದ ಸಭೆಗಳಲ್ಲಿ ಭಾಷಣ ಮಾಡುವವರಿದ್ದರು. "ನಾಡು ಒಂದಾಗಲಿ ಅಂತ ಒದರಿ ಗಂಟಲಾ ಎರಡು ಮಾಡ್ಕೊಂಡು ಬರ್ತಾರ" ಎಂದು ಭಾಷಣದವರನ್ನು ಅವಳು ಚೇಷ್ಟೆ ಮಾಡುತ್ತಿದ್ದಳು.

ಹನ್ನೆರಡು ವರ್ಷದ ಮೇಲೆ ಒಡಹುಟ್ಟಿದ ತಮ್ಮ ಬಾಗಿಲಿಗೆ ಬಂದರೆ ನೀಲತ್ತಿ ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದು ನಾನು ಕಾದಿದ್ದೆ. ಎತ್ತರದ, ಕಪ್ಪನೆಯ, ಇಳಕಲ್ ಸೀರೆಯ ಹೆಂಗಸು ಹೊರಗೆ ಬಂದು ಅವನನ್ನು ಒಂದು ಸಲ ನೋಡಿ, ಕೈ ಕಾಲು ತೊಳೆಯಲು ನೀರು ತೋರಿಸಿದಳು. ಆಮೇಲೆ ನಡುಮನೆಯಲ್ಲಿ ಎದುರಿಗೆ ಕೂರಿಸಿಕೊಂಡು, "ಏನಾಗೇತಿ ಹೇಳು" ಎಂದಳು. ಅಪ್ಪ ಮಾಸ್ತರರ ಚಾಳಿಯಂತೆ ಎರಡು ಸಲ ಖ್ಯಾಕರಿಸಿ, ಪಿಸುಮಾತಿನಲ್ಲಿ ಹೇಳತೊಡಗಿದ.

"ನಿಂದ್ರು. ಈಗ ನೀ ಏನ ಮಾಡಿದೆಲ್ಲಾ, ಅದ ನಿನ್ನ ಜಡ್ಡು."

"ಮಾತಾಡಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ ಅಕ್ಕಾರ," ಎಂದಳು ಅವ್ವ. "ಅದಕ್ಕ ಅವತ್ತಿನಿಂದ ಬರೇ ಪಿಸುಪಿಸು ಮಾತಾಡ್ತಾರ್ರಿ."

"ಅದಕ್ಕ ಇನ್ನೂ ಕೆಟ್ಟೈತಿ. ಒದರಿದ್ರ ಗಂಟಲಿಗೆ ಒಂದು ಪೆಟ್ಟು, ಪಿಸುಗುಟ್ಟಿದ್ರ ಎರಡು ಪೆಟ್ಟು. ಇನ್ನ ಆ ಖ್ಯಾಕರಿಸೂದಂತೂ ಗಂಟಲಿನ ಕಪಾಳಕ್ಕ ಹೊಡದಂಗ. ಕೆರತ ಬಂದ್ರ ಒಂದು ಗುಟುಕು ನೀರು ನುಂಗಬೇಕು. ಹದಿನಾಲ್ಕು ದಿನಾ ಒಂದು ಅಕ್ಷರ ಬಾಯಿಂದ ಬರಬಾರದು."

ಅಪ್ಪ ತಲೆಯಾಡಿಸಿದ. ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ, ನೀಲತ್ತಿ ನಮ್ಮ ಕಡೆ ತಿರುಗಿದಳು.

"ಮೂರು ಮಂದಿ ಮಾತಾಡೂ ಮನ್ಯಾಗ ನಾಕನೇದಾಂವ ಸುಮ್ನ ಕುಂಡ್ರೂದಿಲ್ಲ. ನನ್ನ ಮನ್ಯಾಗ ಜಡ್ಡು ಒಬ್ಬರಿಗಾದ್ರೂ ಪಥ್ಯ ಎಲ್ಲಾರಿಗೂ. ಹೊತ್ತು ಹುಟ್ಟಿದಾಗಿಂದ ದೀಪಾ ಹಚ್ಚೂತನಕಾ ಈ ಹೊಸ್ತಿಲ ಒಳಗ ಯಾರೂ ಮಾತಾಡಂಗಿಲ್ಲ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವನ ಚಿಂತಿ ಇಲ್ಲ ನನಗ. ಈಕಿದ ಚಿಂತಿ," ಎಂದಳು.

ಅಪ್ಪನಿಗೆ ಒಂದು ಪಾಟಿ, ನನಗೊಂದು ಪಾಟಿ, ನಡುವೆ ಬಳಪದ ಡಬ್ಬಿ. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ, ಅವಳಿಗೆ ಪಾಟಿಯ ಗರಜೂ ಇರಲಿಲ್ಲ. ಅವಳ ಕಣ್ಣು ಸಾಕಿತ್ತು. ಒಂದು ಚಪ್ಪಾಳೆ ಅಂದರೆ ಬಾ, ಎರಡು ಅಂದರೆ ಊಟ. ಮುಂಜಾನೆ ಎದ್ದ ಕೂಡಲೇ ಅಪ್ಪ ಗಡಿಗೆಯ ಬಿಸಿನೀರಿನ ಮೇಲೆ ತಲೆ ಬಗ್ಗಿಸಿ, ಧೋತರ ಮುಸುಕು ಹಾಕಿಕೊಂಡು ಹಬೆ ಕುಡಿಯಬೇಕು. ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಬೇಕು. ನೀಲತ್ತಿ ಅವನ ಹೊಟ್ಟೆಯ ಮೇಲೆ ಒಂದು ಸೇರು ಜೋಳದ ಗಂಟು ಇಡುತ್ತಿದ್ದಳು. ಉಸಿರು ತೆಗೆದುಕೊಂಡರೆ ಗಂಟು ಏಳಬೇಕು, ಬಿಟ್ಟರೆ ಇಳಿಯಬೇಕು, ಎದೆ ಹೆಗಲು ಅಲುಗಬಾರದು. ಊರಿಗೇ ಪಾಠ ಹೇಳುವ ನನ್ನ ಅಪ್ಪ ಮೂರು ದಿನ ಆ ಗಂಟು ಎತ್ತಲಾರದೆ ಬೆವರಿದ. ನಾನು ಪಕ್ಕದಲ್ಲಿ ಮಲಗಿ ಮೊದಲನೇ ದಿನವೇ ಎತ್ತಿದೆ, ಪಾಟಿಯ ಮೇಲೆ "ನಾ ಫಸ್ಟ್" ಎಂದು ಬರೆದು ತೋರಿಸಿದೆ. ಮಾತಿಲ್ಲದೆ ಹೊಟ್ಟೆ ಉಬ್ಬಿದ ನನಗೆ ಅಷ್ಟೇ ಸುಖ. ವಾರ ಕಳೆದ ಮೇಲೆ ಮಾತ್ರ ಒಂದು ವಿಚಿತ್ರ ನಡೆಯಿತು. ನನಗೆ ಕಿವಿ ಬಂದವು. ಅವ್ವನ ರೊಟ್ಟಿ ಬಡಿಯುವ ಸದ್ದಿನಲ್ಲೇ ಅವಳಿಗೆ ಬೇಸರವಾಗಿದೆಯೋ ಇಲ್ಲವೋ ತಿಳಿಯತೊಡಗಿತು. ನೀಲತ್ತಿ ಕೆಲಸ ಮಾಡುವಾಗ ಗಂಟಲೊಳಗೇ ಏನನ್ನೋ ಹಾಡಿಕೊಳ್ಳಲು ಹೋಗಿ, ಮೇಲಿನ ಸ್ವರಕ್ಕೆ ಬರುತ್ತಲೇ ನಿಲ್ಲಿಸಿಬಿಡುತ್ತಾಳೆ ಅನ್ನುವುದೂ ಹಾಗೇ ಗೊತ್ತಾಯಿತು.

ಇಷ್ಟಾದರೂ ಅಪ್ಪ ಹಟ ಬಿಟ್ಟಿರಲಿಲ್ಲ. ಅವ್ವ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅವನಿಗೆ ಬೇರೆ ಅಡುಗೆ ಮಾಡುತ್ತಿದ್ದಳು. ಹಬೆಯ ನೀರೂ ಅವ್ವನೇ ತರಬೇಕು. ನೀಲತ್ತಿ ಒಳಗೆ ಒಬ್ಬಳೇ ಕುಳಿತು ಉಣ್ಣುತ್ತಿದ್ದಳು, ನಾನು ಎರಡೂ ಕಡೆ ಉಣ್ಣುತ್ತಿದ್ದೆ. ಅವಳು ಮಾಡುವ ಕಡಲೆಹಿಟ್ಟಿನ ಜುಣಕ ಅವ್ವನ ಜುಣಕಕ್ಕಿಂತ ರುಚಿ. ಇದನ್ನು ಅವ್ವ ಬದುಕಿರುವತನಕ ನಾನು ಹೇಳಲಿಲ್ಲ. ತಮ್ಮ ತನ್ನ ಮನೆಯಲ್ಲೇ ಇದ್ದು ತನ್ನ ನೀರು ಮುಟ್ಟದಿರುವುದು ನೀಲತ್ತಿಗೆ ಚುಚ್ಚುತ್ತಿರಲಿಲ್ಲವೇ? ಚುಚ್ಚಿರಬೇಕು. ಮೌನದ ಮನೆಯಲ್ಲಿ ಯಾರೂ ಅದನ್ನು ಕೇಳುವಂತಿರಲಿಲ್ಲ.

ಹನ್ನೊಂದನೆಯ ದಿನ ಬೆಳಕು ಹರಿಯುವಾಗ ಅಪ್ಪ ತಂಬಿಗೆ ಹಿಡಿದು ಬಯಲಕಡೆಗೆ ಹೊರಟ. ಎಂದಿಗಿಂತ ಬೇಗ, ಅದೂ ಕೋಟು ಹಾಕಿಕೊಂಡು. ಕದ್ದು ಮಿರ್ಚಿ ಭಜಿ ತಿನ್ನಲು ಹೊರಟಿದ್ದಾನೆ ಎಂದು ನನಗೆ ಅನುಮಾನ. ಹಿಡಿದರೆ ನನಗೂ ಒಂದು ಸಿಕ್ಕೀತು ಎಂದು ಬೆನ್ನು ಹತ್ತಿದೆ. ಅವನು ರೈಲು ಹಳಿ ದಾಟಿ ಬಯಲಿನಲ್ಲಿ ನಿಂತ. ತಂಬಿಗೆ ಕೆಳಗಿಟ್ಟ. ಕೋಟಿನ ಗುಂಡಿ ಹಾಕಿಕೊಂಡು, ನೆಟ್ಟಗೆ ನಿಂತು, ಎದುರಿಗೆ ಹುಡುಗರು ಸಾಲಾಗಿ ಕುಳಿತಿದ್ದಾರೆ ಎನ್ನುವಂತೆ ಹಾಜರಿ ಕರೆಯತೊಡಗಿದ. ಮೊದಲ ಹೆಸರಿಗೆ ಧ್ವನಿ ಬಂತು! ಜಾಲಿಗಿಡದ ಹಿಂದೆ ನನ್ನ ಜೀವ ಕುಣಿಯಿತು. ಎರಡನೆಯ ಹೆಸರು, ಮೂರನೆಯ ಹೆಸರು. ಧ್ವನಿ ಬಂದ ಖುಷಿಗೆ ಅವನು ಹಳೆಯ ಎತ್ತರಕ್ಕೇ ಏರಿಬಿಟ್ಟ. ಎಂಟನೆಯ ಹೆಸರಿಗೆ ಅದು ಬಿರಿಯಿತು. ಖ್ಯಾಕರಿಸಿ ಮತ್ತೆ ಕರೆದ. ಮತ್ತೆ ಖ್ಯಾಕರಿಸಿ ಮತ್ತೆ ಕರೆದ. ಆಮೇಲೆ ಬರೀ ಗಾಳಿ. ಎರಡೂ ಕೈಯಿಂದ ಗಂಟಲು ಹಿಡಿದುಕೊಂಡು ಅವನು ನೆಲಕ್ಕೆ ಕುಸಿದ. ನಾನು ಓಡಿ ಮನೆ ಸೇರಿದೆ.

ಹಬೆ ಕುಡಿಯುವಾಗ ಅಪ್ಪ ಒಮ್ಮೆ ಕೆಮ್ಮಿದ, ಒಂದೇ ಸಲ. ನೀಲತ್ತಿ ಬಂದು ಮುಸುಕು ಸರಿಸಿದಳು. ಅವನ ಪಾಟಿ ತೆಗೆದುಕೊಂಡು, "ಮಾತಾಡಿದೇನು?" ಎಂದು ಬರೆದಳು. ಅಪ್ಪ ಮುತ್ತಿನಂಥ ಅಕ್ಷರದಲ್ಲಿ "ಇಲ್ಲ" ಎಂದು ಬರೆದ. ಅವಳು ಅವ್ವನನ್ನು ನೋಡಿದಳು, ಅವ್ವನಿಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿದಳು. ನನ್ನ ಸಂಕಟ ಏನು ಹೇಳಲಿ. ಇನ್ನು ಮೂರು ದಿನಕ್ಕೆ ಅವಳು ಅಪ್ಪನಿಂದ ಸ್ವರ ತೆಗೆಸುವವಳಿದ್ದಳು. ಗಾಯ ಹಸಿ ಇದ್ದಾಗ ಸ್ವರ ತೆಗೆದರೆ ಗಂಟಲು ಕಾಯಂ ಹೋಗುತ್ತದೆ ಎಂದು ದೀಪ ಹಚ್ಚಿದ ಮೇಲೆ ಎಷ್ಟು ಸಲ ಹೇಳಿದ್ದಳು. ಹೇಳದಿದ್ದರೆ ಅಪ್ಪನ ಧ್ವನಿ ಹೋಗುತ್ತದೆ. ಹೇಳಿದರೆ, ತನಗೆ ಅಕ್ಕನೇ ಇಲ್ಲವೆಂದು ಅವನು ತಳ್ಳಿಬಿಟ್ಟವಳ ಮುಂದೆ ಅಪ್ಪನ ಮಾನ ಹೋಗುತ್ತದೆ. ಸುಳ್ಳು ಹೇಳಬಾರದು ಎಂದು ನನಗೆ ಕಲಿಸಿದವನೂ ಅವನೇ. ಬಳಪ ಎತ್ತಿಕೊಂಡೆ. "ಅಪ್ಪ ಬಯಲಾಗ ಹಾಜರಿ ಕರದ" ಎಂದು ಬರೆದು ಪಾಟಿಯನ್ನು ನೀಲತ್ತಿಯ ಕಡೆ ತಿರುಗಿಸಿದೆ.

ಅಪ್ಪನ ಕಿವಿ ಕೆಂಪಾದವು. ಎದ್ದು ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಅವನು ತನ್ನ "ಇಲ್ಲ"ವನ್ನು ಅಂಗೈಯಿಂದ ಒರೆಸುತ್ತಿದ್ದ. ನೀಲತ್ತಿ ಅವನ ಎದುರಿಗೆ ಕುಳಿತಳು. ಪಥ್ಯದ ದಿನಗಳಲ್ಲಿ, ಹಗಲು ಹೊತ್ತು ಆ ಮನೆಯಲ್ಲಿ ಅವಳು ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಾಚಬ್ಯಾಡ ಚನ್ನಾ. ನಾನೂ ಹಿಂಗ ಮಾಡಿದ್ದೆ. ಕಂಪನ್ಯಾಗ ದಿನಾ ಹಾಡಿ ಹಾಡಿ ಗಂಟಲಾ ಹೋತು. ನಮ್ಮ ಉಸ್ತಾದ್ರು ಹದಿನಾಲ್ಕು ದಿನಾ ಸುಮ್ನಿರು ಅಂದ್ರು. ನಾಕನೇ ದಿನಕ್ಕ, ಬಂದೈತೇನು ನೋಡೂಣಂತ ಹಾಡಿದೆ. ಉಸ್ತಾದ್ರು ಕೇಳಿದಾಗ ಇಲ್ಲ ಅಂದೆ. ಮ್ಯಾಲಿನ ಸ್ವರ ಅವತ್ತ ಹೋದುವು, ಮತ್ತ ಬರಲಿಲ್ಲ. ಹಾಡಾಕ ಬಾರದಾಕಿ ಕಂಪನ್ಯಾಗ ಏನ ಮಾಡ್ಲಿ? ಬಿಟ್ಟು ಬಂದೆ."

ಅವಳು ಕಂಪನಿ ಬಿಟ್ಟದ್ದಕ್ಕೆ ನಮ್ಮೂರಿನಲ್ಲಿ ಏನೇನೋ ಕಾರಣ ಹಬ್ಬಿದ್ದವು. ಅದರಲ್ಲಿ ಇದೊಂದು ಇರಲಿಲ್ಲ. ಅಪ್ಪ ಪಾಟಿಯ ಮೇಲೆ ಬರೆದ, ಒರೆಸಿದ, ಮತ್ತೆ ಬರೆದ, ಒರೆಸಿದ. ಕೊನೆಗೆ ಉಳಿದದ್ದು ಒಂದೇ ಸಾಲು: "ಕಂಪನಿಯಲ್ಲಿ ನಿನ್ನ ಹಾಡು ನಾ ಒಮ್ಮೆಯೂ ಬಂದು ಕೇಳಲಿಲ್ಲ."

"ಇನ್ನ ಕೇಳಾಕ ಆಗೂದಿಲ್ಲ ತಮ್ಮಾ," ಎಂದು ನೀಲತ್ತಿ ಎದ್ದುಹೋದಳು.

ಆ ಮಧ್ಯಾಹ್ನ ಎರಡು ಚಪ್ಪಾಳೆ ಕೇಳಿದಾಗ ಅಪ್ಪ ಹಿತ್ತಲಿಗೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕನ ಗಂಗಾಳದ ಪಕ್ಕದಲ್ಲಿ ಕುಳಿತ. ಅವಳು ರೊಟ್ಟಿ ಹಾಕಿದಳು, ಜುಣಕ ಹಾಕಿದಳು, ತಂಬಿಗೆಯಿಂದ ನೀರು ಬಗ್ಗಿಸಿದಳು. ಅವನು ಮೊದಲು ನೀರು ಕುಡಿದ. ಅವ್ವ ಹಿತ್ತಲಿಗೆ ಹೋಗಿ ಉರಿಯುತ್ತಿದ್ದ ಕಟ್ಟಿಗೆಯ ಮೇಲೆ ನೀರು ಸುರಿದು ಬಂದಳು.

ಮತ್ತೆ ಒಂದರಿಂದ ಎಣಿಕೆ ಶುರುವಾಯಿತು. ಇನ್ನೂ ಹದಿನಾಲ್ಕು ದಿನ ಬಾಯಿ ಮುಚ್ಚಿಕೊಂಡಿರಬೇಕು ಎಂದು ನಾನು ಪಪ್ಪಾಯಿ ಗಿಡದ ಮುಂದೆ ನಿಂತು ಅತ್ತುಬಿಟ್ಟೆ, ಆದರೆ ಈ ಸಲ ಚಾಡಿ ಹೇಳಲಿಲ್ಲ. ಹದಿನೈದನೆಯ ದಿನ ನೀಲತ್ತಿ ಪಪ್ಪಾಯಿ ಎಲೆಯ ಪೊಳ್ಳು ದಂಟು ಕೊಯ್ದು ತಂದಳು. ಅದರ ಒಂದು ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ, ಇನ್ನೊಂದು ತುದಿಯನ್ನು ಬಾಯಿಗಿಟ್ಟುಕೊಂಡು "ಊ" ಅನ್ನಬೇಕು. ನೀರು ಗುಳುಗುಳು ಅನ್ನುತ್ತದೆ, ಗಂಟಲಿಗೆ ಪೆಟ್ಟಾಗದೆ ಸ್ವರ ಹೊರಬರುತ್ತದೆ. ಕೋಟು ಹಾಕುವ ಮಾಸ್ತರ ಚಿಕ್ಕ ಹುಡುಗನ ಹಾಗೆ ಗುಳ್ಳೆ ಎಬ್ಬಿಸುತ್ತ ಕುಳಿತಿದ್ದನ್ನು ನೋಡಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಈಚೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಾಡುಗಾರರಿಗೆ ಇದನ್ನೇ ಪ್ಲಾಸ್ಟಿಕ್ ನಳಿಗೆಯಲ್ಲಿ ಮಾಡಿಸುವುದನ್ನು ಕಂಡೆ. ನಮ್ಮ ನೀಲತ್ತಿಯ ದಂಟು ಗಿಡದಿಂದಲೇ ಬರುತ್ತಿತ್ತು ಎಂದು ಅದನ್ನು ಮಾಡಿಸುತ್ತಿದ್ದ ಹುಡುಗಿಗೆ ಹೇಳಿದೆ, ಅವಳು ನಂಬಿದಂತೆ ಕಾಣಲಿಲ್ಲ. ದಂಟಿನ ಪಾಠ ಆದ ಮೇಲೆ ಅಪ್ಪನಿಗೆ ಬಾಯಿ ಮುಚ್ಚಿ ಗುಂಯ್‌ಗುಡುವುದು. ಅದಾದ ಮೇಲೆ ಮಾತು, ಅದೂ ಮೊಳದ ದೂರದಲ್ಲಿ ಕುಳಿತವರ ಜೊತೆ ಮಾತ್ರ; ಗೋಡೆಯಾಚೆ ಕೇಳಿಸಿತೋ, ಅವತ್ತು ನಾಪಾಸು. ಅಪ್ಪನ ಬಾಯಿಂದ ಬಂದ ಧ್ವನಿಯ ಗುರುತೇ ನನಗೆ ಸಿಗಲಿಲ್ಲ. ತೆಳ್ಳಗೆ, ಮೆತ್ತಗೆ ಇತ್ತು.

"ಅತ್ತೀ, ಇದು ಅಪ್ಪನ ಧ್ವನಿನ ಅಲ್ಲ," ಎಂದೆ ನಾನು.

"ಇದ ಅವನ ಖರೆ ಧ್ವನಿ. ಇಷ್ಟ ದಿನಾ ನೀ ಕೇಳಿದ್ದು ಮಾಸ್ತರಂದು."

ಮುಂದೆ ನಾನೂ ಮಾಸ್ತರಿಕೆ ಮಾಡಿದೆ. ಗದಗು, ಮುಂಡರಗಿ, ಲಕ್ಷ್ಮೇಶ್ವರ ಎಂದು ವರ್ಗವಾದಲ್ಲೆಲ್ಲ, ಗಂಟಲು ಬಿಗಿದ ಸಹೋದ್ಯೋಗಿಗಳನ್ನು ಚಾಪೆಯ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಜೋಳದ ಗಂಟು ಇಟ್ಟೆ. ಮಾತಾಡುವುದಕ್ಕಿಂತ ಮೊದಲು ಕೇಳಬೇಕು ಎಂದು ನನಗೆ ಯಾರೂ ಉಪದೇಶ ಮಾಡಿರಲಿಲ್ಲ. ಆ ಮನೆಯೇ ನನ್ನನ್ನು ಹಿಡಿದು ಕೂರಿಸಿ ಕೇಳಿಸಿತು. ನೀಲತ್ತಿಗೆ ನಾನು ಯಾವತ್ತೂ ಕೈ ಮುಗಿದು ಉಪಕಾರವಾಯಿತು ಎಂದು ಹೇಳಲಿಲ್ಲ, ನಮ್ಮ ಕಡೆ ಮನೆಯವರಿಗೆ ಹಾಗೆಲ್ಲ ಹೇಳುವುದಿಲ್ಲ. ಈಗ ಇಲ್ಲಿ ಹೇಳುತ್ತಿದ್ದೇನೆ.

ಆ ವರ್ಷ ನಾವು ಊರಿಗೆ ಮರಳಿದ ಮೇಲೆ, ಜೂನಿನಲ್ಲಿ ಸಾಲೆ ಶುರುವಾಗುವ ಹಿಂದಿನ ದಿನ ಅಪ್ಪ ತಾನೇ ಬೆಟಗೇರಿಗೆ ಹೋಗಿ ಅಕ್ಕನನ್ನು ಶಿರಹಟ್ಟಿಗೆ ಕರೆದುಕೊಂಡು ಬಂದ. ಬಸ್ ಇಳಿದು ಪೇಟೆಯ ನಡುವೆ, ಎಲ್ಲರೂ ನೋಡುತ್ತಿರುವಾಗಲೇ, ಅವಳ ಕೈಚೀಲವನ್ನು ತಾನೇ ಹಿಡಿದು ನಡೆದ. ಮರುದಿನ ನೀಲತ್ತಿ ಸಾಲೆಯ ಒಳಗೆ ಬರಲೊಲ್ಲೆ ಎಂದು ಹೊರಗಿನ ಕಟ್ಟೆಯ ಮೇಲೆ, ಕಿಟಕಿಯ ಬುಡದಲ್ಲಿ ಕುಳಿತಳು. ನಾನು ಅವಳ ಪಕ್ಕದಲ್ಲಿ ನಿಂತೆ. ಒಳಗೆ ಅಪ್ಪ ಆ ಮೆತ್ತನೆಯ ಧ್ವನಿಯಲ್ಲಿ ಪಾಠ ಶುರುಮಾಡಿದ. ಸ್ವಲ್ಪ ಹೊತ್ತು ಸರಿಯಾಗಿತ್ತು. ಆಮೇಲೆ ಹಿಂದಿನ ಸಾಲಿನವರು ಗುಜುಗುಜು ಎಬ್ಬಿಸಿದರು.

"ಕೇಳಸವಲ್ದರೀ ಮಾಸ್ತರ್ರ!"

ಹೆಡ್‌ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. ನಾನು ಕಿಟಕಿಯಿಂದ ನೋಡಿದೆ. ಅಪ್ಪನ ಕೊರಳ ನರ ಉಬ್ಬಿದವು. ಒದರಲು ಬಾಯಿ ತೆರೆದ. ನೀಲತ್ತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿದ ಗುರುತು ಉಳಿಯಿತು. ಅಪ್ಪ ತೆರೆದ ಬಾಯಿ ಮುಚ್ಚಿದ. ಆ ಕಾಲಕ್ಕೆ ಮಾಸ್ತರರು ಪಾಠ ಹೇಳುವಾಗ ಖುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವನು ಎದ್ದ. ಸಾಲುಗಳ ನಡುವೆ ಹಾದು ಹಿಂದಿನ ಗೋಡೆಯವರೆಗೆ ಹೋಗಿ, ಗದ್ದಲ ಮಾಡುತ್ತಿದ್ದವರ ನಡುವೆ ಗೋಣಿತಟ್ಟಿನ ಮೇಲೆ ಕುಳಿತುಬಿಟ್ಟ. ಮುಂದಿನ ಸಾಲಿನವರು ತೆವಳಿಕೊಂಡು ಅವನ ಸುತ್ತ ಬಂದರು. ಇಡೀ ಕೋಣೆ ಹಿಂದುಮುಂದಾಗಿ, ಹುಡುಗರ ತಲೆಗಳ ನಡುವೆ ಅಪ್ಪನೇ ಕಾಣದಾದ.

"ಏನ ಹೇಳಾಕತ್ಯಾನ?" ಎಂದಳು ನೀಲತ್ತಿ, ಕಿವಿ ಕಿಟಕಿಗೆ ಹಚ್ಚಿ.

"ನನಗೂ ಕೇಳಸವಲ್ದು ಅತ್ತಿ."

ಅವಳು ಕೈ ಸಡಿಲಿಸಿ, ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡು ನಕ್ಕಳು.

"ಹಂಗಾರ ಪಾಸಾದ."